ಕೇಳಿ ಪಡೆಯುವ ಕೂಲಿ

ಮೈಸೂರಿನಿಂದ ಉದಕಮಂಡಲಕ್ಕೆ ಪ್ರವಾಸ ಹೋದ ನಮ್ಮ ವಾಚಕರಲ್ಲಿ ಗುಂಡ್ಲುಪೇಟೆಯನ್ನು ಕಾಣದವರು ವಿರಳ. ಬಸ್ಸು ಅಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಹಿರಿಯರು ಕಾಫಿ ಕುಡಿಯುತ್ತಾರೆ, ಮಕ್ಕಳಿಗೆ ಎಳನೀರು ಕೊಡಿಸುತ್ತಾರೆ. ಮುಂಗಾರಿನ ದಿನಗಳಾದರೆ ಊರ ಹೊರಗಣ ಸೂರ್ಯಕಾಂತಿಯ ಮತ್ತು ಚೆಂಡುಹೂವಿನ ಹೊಲಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವುದೂ ಉಂಟು. ಬಳಿಕ ಬಂಡೀಪುರದ ಕಾಡು ಬಂದೊಡನೆ ಎಲ್ಲರ ಕಣ್ಣೂ ಆನೆಗಾಗಿ ಕಿಟಕಿಯ ಕಡೆಗೆ ತಿರುಗುತ್ತದೆ. ಗುಂಡ್ಲುಪೇಟೆ ಅಲ್ಲಿಗೆ ಮರೆತುಹೋಗುತ್ತದೆ. ಆದರೆ ಅದೇ ನಿಲ್ದಾಣದಲ್ಲಿ, ಸುಗ್ಗಿ ಕಳೆಯುತ್ತ ಬಂದ ದಿನಗಳಲ್ಲಿ, ಬೇರೊಂದು ಬಗೆಯ ಪ್ರಯಾಣಿಕರನ್ನು ನೋಡಬಹುದು. ತಲೆಯ ಮೇಲೆ ಪಾತ್ರೆಪಡಗದ ಗಂಟು, ಕಂಕುಳಲ್ಲಿ ಕೂಸು, ಕೈಯಲ್ಲಿ ರಾಗಿಹಿಟ್ಟಿನ ಚೀಲ, ಹಿಂದೆ ಇಸ್ಕೂಲಿನ ಸಮವಸ್ತ್ರವನ್ನೇ ತೊಟ್ಟ ಒಬ್ಬ ಹುಡುಗ. ಇವರು ಕೊಡಗಿನ ಕಾಫಿ ತೋಟಗಳಿಗೋ ವಯನಾಡಿನ ಮೆಣಸಿನ ತೋಟಗಳಿಗೋ ಕೂಲಿಗೆ ಹೋಗತಕ್ಕವರು. ಹುಡುಗನ ಓದು ಅಂದಿನಿಂದ ನಿಂತಂತೆಯೇ. ಮರಳಿ ಬಂದಾಗ ಪರೀಕ್ಷೆ ಮುಗಿದಿರುತ್ತದೆ.

ತಮ್ಮ ಊರಿನಲ್ಲಿಯೇ ಕೆಲಸ ಕೊಡಿರೆಂದು ಕೇಳುವ ಹಕ್ಕನ್ನು ಶಾಸನವು ಇಂಥವರಿಗೆ ಕೊಟ್ಟು ಅನೇಕ ವರ್ಷಗಳಾದುವು. ಹಾಗಿದ್ದೂ ಇವರೇಕೆ ಬಸ್ಸು ಹತ್ತುತ್ತಾರೆ? ಈ ಪ್ರಶ್ನೆಯನ್ನೇ ಹಿಡಿದು ನಾವು 2025ರ ಮಾರ್ಚಿ ತಿಂಗಳಿನಲ್ಲಿ ಕೆಲವು ದಿನ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಅಲೆದೆವು. ಕಂಡುಕೇಳಿದ್ದನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಸೀಮೆಯ ಪರಿಚಯ. ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂದು ಹೆಸರು. ತಮ್ಮ ತಂದೆಯವರಾದ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಅಭಿಮಾನದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಈಗಿನ ಹೆಸರನ್ನಿಟ್ಟರು. 1997ರಲ್ಲಿ ಅದು ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯ ಮುಖ್ಯಸ್ಥಳವಾಯಿತು. ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುವನೆಂಬ ಮಾತು ಬಹುಕಾಲ ಹಬ್ಬಿದ್ದು, ಆ ಅಂಜಿಕೆ ಸಡಿಲಿದ್ದು ಈಚಿನ ವರ್ಷಗಳಲ್ಲಿ. ಬಡವರ ಜಿಲ್ಲೆಗೆ ಇಂಥ ಅಪವಾದವೂ ಬೇಕಿತ್ತೆ! 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 10 ಲಕ್ಷದ 20 ಸಾವಿರ. ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟವರು ಹಳ್ಳಿಗರು. ಚಾಮರಾಜನಗರ ಪಟ್ಟಣದಲ್ಲಿ ಸುಮಾರು 70 ಸಾವಿರ, ಗುಂಡ್ಲುಪೇಟೆಯಲ್ಲಿ ಸುಮಾರು 28 ಸಾವಿರ ಜನ. ನೀಲಗಿರಿಯೂ ಘಟ್ಟಗಳೂ ಮುಂಗಾರಿನ ಮೋಡವನ್ನು ತಡೆದುಬಿಡುವುದರಿಂದ ಇಲ್ಲಿ ಮಳೆ ಕಡಮೆ. ಕೊಳವೆಬಾವಿಯುಳ್ಳವರು ಅರಿಸಿನ, ಬಾಳೆ, ಈರುಳ್ಳಿ ಬೆಳೆಯುತ್ತಾರೆ; ಇಲ್ಲದವರು ಜೋಳ, ಹುರುಳಿ, ರಾಗಿಗಳನ್ನು ಬಿತ್ತಿ ಆಕಾಶ ನೋಡುತ್ತಾರೆ. ಸಂಕ್ರಾಂತಿ ಕಳೆದು ಯುಗಾದಿಯ ಮಳೆ ಬೀಳುವವರೆಗೆ ಹೊಲದಲ್ಲಿ ಕೆಲಸವಿಲ್ಲ. ಸಂಕಟದ ತಿಂಗಳುಗಳು ಅವೇ.

ಬರ ಬಂದಾಗ ಪ್ರಭುತ್ವವು ಕೆಲಸ ತೆಗೆಸಿ ಅನ್ನ ಕೊಡುವುದು ಈ ನಾಡಿಗೆ ಹೊಸದೇನಲ್ಲ. ಧಾತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ಹೇಳುತ್ತಿದ್ದ 1876–78ರ ಮಹಾಕ್ಷಾಮವು ಮೈಸೂರು ಸಂಸ್ಥಾನವನ್ನು ಎಷ್ಟು ಸುಟ್ಟಿತೆಂದರೆ, 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಬೆಂಗಳೂರು ಮೈಸೂರುಗಳ ನಡುವಣ ರೈಲುದಾರಿಯ ಮಣ್ಣುಕೆಲಸ ಆರಂಭವಾದದ್ದೇ ಆ ಬರದ ಕೂಲಿಗಳ ಹೊಟ್ಟೆಗಾಗಿ. ಗಾಡಿ 1882ರಲ್ಲಿ ಮೈಸೂರು ಮುಟ್ಟಿತು. ಚಾಮರಾಜನಗರಕ್ಕೆ ಹಳಿ ಬಂದದ್ದು 1926ರಲ್ಲಿ. ಇಂದು ಇದೇ ಜಿಲ್ಲೆಗೆ ಸೇರಿರುವ ಕೊಳ್ಳೇಗಾಲವು ಆ ಕಾಲದಲ್ಲಿ ಮದರಾಸು ಅಧಿಪತ್ಯದ ಕೋಯಮತ್ತೂರು ಜಿಲ್ಲೆಯಲ್ಲಿತ್ತು. ಅಲ್ಲಿಗೆ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದು, ಖರ್ಚು ಹಿಡಿಯಬೇಕೆಂದು, ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಒಂದಾಣೆಯೂ ಸಾಕೆಂದು ಗೊತ್ತುಮಾಡಿದನು. ಅಷ್ಟರಲ್ಲಿ ಮೈಮುರಿದು ದುಡಿಯುವವನು ಬದುಕಲಾರನೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದನು; ಕೆಲವೇ ತಿಂಗಳಲ್ಲಿ ಆ ಕೂಲಿಯನ್ನು ಕೈಬಿಡಬೇಕಾಯಿತು. ಈ ವಾದವೆಲ್ಲ ಅಧಿಕಾರಿ ಅಧಿಕಾರಿಗಳ ನಡುವೆ ನಡೆಯಿತೆಂಬುದನ್ನು ವಾಚಕರು ಗಮನಿಸಬೇಕು. ಗುದ್ದಲಿ ಹಿಡಿದವನನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ನಿಯಮವೂ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆಯೂ ಈ ರೀತಿ ಬಹುಕಾಲ ಬದಲಾಗಲಿಲ್ಲ. ಕೂಲಿಗಾಗಿ ಕಾಳು 1977ರಲ್ಲಿ, ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಕಾರ್ಯಕ್ರಮ 1980ರಲ್ಲಿ, ಜವಾಹರ ರೋಜಗಾರ ಯೋಜನೆ 1989ರಲ್ಲಿ – ಹೀಗೆ ಒಂದರ ಹಿಂದೆ ಒಂದು ಬಂದುವು, ಹೋದುವು. ಹಣ ಇದ್ದಷ್ಟು ದಿನ ಕೆಲಸ. ಕಂಟ್ರಾಕ್ಟರು ಕರೆದವರಿಗೆ ಕೂಲಿ. ಮಹಾರಾಷ್ಟ್ರ ಮಾತ್ರ 1972ರ ಬರದಲ್ಲಿ ಪಾಠ ಕಲಿತು 1977ರಲ್ಲಿ ಉದ್ಯೋಗ ಖಾತರಿಗೆ ಶಾಸನವನ್ನೇ ಮಾಡಿತು. ಆ ಮೇಲ್ಪಂಕ್ತಿಯನ್ನು ದೇಶಕ್ಕೆಲ್ಲ ಹಬ್ಬಿಸಿದ್ದು 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಶಾಸನ. 2009ರಲ್ಲಿ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರು ಸೇರಿತು. ಮೊದಲು ಇನ್ನೂರು ಜಿಲ್ಲೆಗಳಲ್ಲಿ ಜಾರಿಗೆ ಬಂದು, ಚಾಮರಾಜನಗರದ ಸರದಿ ಮೂರನೆಯ ಕಂತಿನಲ್ಲಿ, 2008ರ ಏಪ್ರಿಲ್ 1ರಂದು ಒದಗಿತು.

ಈ ಶಾಸನದ ಒಳಗನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಏಕೆಂದರೆ ವಿದ್ಯಾವಂತ ಗೃಹಸ್ಥರು ಸಹ ಇದನ್ನು ಸರ್ಕಾರದವರು ಬಡವರಿಗೆ ಹಂಚುವ ಮತ್ತೊಂದು ದಾನವೆಂದೇ ತಿಳಿದಿರುತ್ತಾರೆ. ಹಳ್ಳಿಯ ಪ್ರತಿಯೊಂದು ಕುಟುಂಬಕ್ಕೂ ಒಂದು ಉದ್ಯೋಗ ಚೀಟಿ. ಅದರ ಮೇಲೆ ವರ್ಷಕ್ಕೆ 100 ದಿನಗಳ ಕೆಲಸ. ದಿನಗಳು ಆಳಿಗಲ್ಲ, ಕುಟುಂಬಕ್ಕೆ. ಗಂಡ ಹೆಂಡಿರಿಬ್ಬರೂ ಬಂದರೆ ಐವತ್ತು ದಿನಕ್ಕೇ ಅದು ಮುಗಿಯಿತು. ಅರಣ್ಯ ಹಕ್ಕಿನ ಭೂಮಿಯೊಂದನ್ನೇ ನಂಬಿದ ಬುಡಕಟ್ಟಿನವರಿಗೆ, ಎಂದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಂಥವರಿಗೆ, ಇನ್ನೂ 50 ದಿನ ಹೆಚ್ಚಿಗೆ ಕೊಡುವ ಏರ್ಪಾಡು ಅನಂತರ ಆಯಿತು. ಕೆಲಸ ಬೇಕೆಂದವರು ನಮೂನೆ 6ರಲ್ಲಿ ಬರೆದು ಗ್ರಾಮ ಪಂಚಾಯತಿಗೆ ಕೊಡತಕ್ಕದ್ದು. ಪಂಚಾಯತಿಯವರು ತಾರೀಖು ಹಾಕಿ ರಸೀತಿ ಕೊಡತಕ್ಕದ್ದು. ಹದಿನೈದು ದಿನದೊಳಗೆ ಕೆಲಸ ಒದಗಿಸದಿದ್ದರೆ ನಿರುದ್ಯೋಗ ಭತ್ಯ ಸಲ್ಲಬೇಕು: ಮೊದಲ ಮೂವತ್ತು ದಿನ ಕೂಲಿಯ ಕಾಲುಭಾಗಕ್ಕೆ ಕಡಮೆಯಿಲ್ಲದೆ, ಆಮೇಲೆ ಅರ್ಧ. ಕೆಲಸದ ಸ್ಥಳ ಐದು ಕಿಲೋಮೀಟರಿಗೆ ಹೊರಗಾದರೆ ನೂರಕ್ಕೆ ಹತ್ತು ಹೆಚ್ಚು ಕೂಲಿ. ಕಂಟ್ರಾಕ್ಟರು ಕೂಡದು. ಮೂವರಲ್ಲಿ ಒಬ್ಬರಾದರೂ ಹೆಂಗಸರಿರಬೇಕು. ಹೆಣ್ಣಿಗೂ ಗಂಡಿಗೂ ಕೂಲಿ ಒಂದೇ. ಹೊಲದ ಕೂಲಿಯಲ್ಲಿ ಹೆಣ್ಣಾಳಿಗೆ ಕಡಮೆ ಕೊಡುವುದನ್ನು ತಲೆತಲಾಂತರದಿಂದ ಕಂಡ ಸೀಮೆಯಲ್ಲಿ ಇದು ಅಲ್ಪ ಮಾತಲ್ಲ.

ಮನೆಯ ಲೆಕ್ಕ ಬರೆಯುವ ಗೃಹಿಣಿಯರಿಗೆ ಮೊತ್ತ ಬೇಕಷ್ಟೆ. ಕರ್ನಾಟಕದಲ್ಲಿ ದಿನಗೂಲಿ 2024–25ರಲ್ಲಿ 349 ರೂಪಾಯಿ, 2025–26ರಲ್ಲಿ 370 ರೂಪಾಯಿ ಇತ್ತು. ನೂರು ದಿನವೂ ಪೂರಾ ದೊರೆತರೆ ವರ್ಷಕ್ಕೆ 37,000 ರೂಪಾಯಿ. ಅದರಿಂದ ಸಂಸಾರ ಸಾಗದು, ಒಪ್ಪತಕ್ಕದ್ದೆ. ಆದರೆ ಫೆಬ್ರುವರಿಯಿಂದ ಮೇ ವರೆಗಿನ ಖಾಲಿ ತಿಂಗಳುಗಳಲ್ಲಿ ಈ ಹಣ ಬಂದರೆ ಬಡ್ಡಿಯ ಸಾಲಕ್ಕೆ ಹೋಗಬೇಕಾಗಿಲ್ಲ. ಕೊಡಗಿನ ಮೇಸ್ತ್ರಿಯಿಂದ ಮುಂಗಡ ಪಡೆದು ಮನೆಮಂದಿಯೆಲ್ಲ ಹೊರಡಬೇಕಾಗಿಲ್ಲ.

ನಾವು ಮಾರ್ಚಿಯಲ್ಲಿ ಕಂಡ ಒಂದು ಕೆರೆಯಂಗಳವನ್ನು ಇಲ್ಲಿ ಹೇಳಬೇಕು. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹಳ್ಳಿ, ಹೆಸರು ಬೇಡ. ಹೊತ್ತು ಮೂಡುವ ಮುಂಚೆಯೇ ಕೆಲಸ ಆರಂಭವಾಗಿತ್ತು. ಒಣಗಿ ಬಿರುಕುಬಿಟ್ಟ ತಳದಲ್ಲಿ ಹಗ್ಗ ಹಿಡಿದು ಚೌಕಗಳನ್ನು ಗುರುತು ಮಾಡಿದ್ದರು. ಗಂಡಸರು ಪಿಕಾಸಿಯಿಂದ ಹೂಳನ್ನು ಕೆದರುವರು, ಹೆಂಗಸರು ಬಾಂಡ್ಲಿಯಲ್ಲಿ ತುಂಬಿ ಏರಿಯಾಚೆ ಸುರಿಯುವರು. ಕಾಯಕಬಂಧುವೆಂದು ಕರೆಯಿಸಿಕೊಳ್ಳುವ ಮೇಲಾಳು ದೂರವಾಣಿಯನ್ನು ಎತ್ತಿ ಹಿಡಿದುಕೊಂಡು ಕೆರೆಯ ಏರಿಯ ಮೇಲೆ ಅತ್ತಿತ್ತ ನಡೆಯುತ್ತಿದ್ದನು. ಕಾರಣ ವಿಚಾರಿಸಲಾಗಿ, 2023ರ ಜನವರಿಯಿಂದ ಎಲ್ಲೆಡೆಯೂ ಹಾಜರಿಯನ್ನು ದಿನಕ್ಕೆರಡು ಸಲ ಫೋಟೋ ತೆಗೆದು ಕಳುಹಿಸಬೇಕೆಂದು ನಿಯಮವಾಗಿದೆ. ಕಾಡಂಚಿನಲ್ಲಿ ಸಿಗ್ನಲ್ಲು ಸಿಕ್ಕದು. ಫೋಟೋ ಹೋಗದಿದ್ದರೆ ಆ ದಿನದ ಕೂಲಿಗೆ ಸಂಚಕಾರ. ಸುಳ್ಳು ಹಾಜರಿಯನ್ನು ತಡೆಯಲೆಂದು ಹೂಡಿದ ಉಪಾಯವು ನಿಜವಾಗಿ ದುಡಿದವಳ ಬೆವರಿಗೂ ಸಾಕ್ಷಿ ಕೇಳುತ್ತಿದೆ.

ಅಲ್ಲಿ ನಾವು ಮಾತನಾಡಿಸಿದ ಒಬ್ಬ ಹೆಂಗಸು ಹಿಂದಿನ ಮೂರು ವರ್ಷವೂ ಕೊಡಗಿಗೆ ಹೋಗಿ ಬಂದವಳು. ಈ ಸಲ ಹೋಗಲಿಲ್ಲವೇನವ್ವ ಎಂದು ಕೇಳಿದೆವು.

“ಮಗಳ್ದು ಹತ್ತನೆ ಪರೀಕ್ಷ ಅದ ಸ್ವಾಮಿ. ಇಲ್ಲೇ ಕ್ಯಾಮ ಕೊಟ್ರ ನಾವ್ಯಾಕ ಹೋಗವ?” ಎಂದಳು.

ಕೆಲಸ ಸುಲಭವಾಗಿ ಸಿಕ್ಕಿತೇ? ಸಿಕ್ಕಲಿಲ್ಲ. ಜನವರಿಯಲ್ಲಿ ಬಾಯಿಮಾತಿನಲ್ಲಿ ಕೇಳಿದ್ದರು. ಆಗಲಿ, ನೋಡೋಣ ಎಂಬ ಉತ್ತರ ಬಂತು. ಫೆಬ್ರುವರಿಯ ಮೊದಲಲ್ಲಿ ಮತ್ತೆ ಕೇಳಿದರು. ಕ್ರಿಯಾಯೋಜನೆ ಇನ್ನೂ ಬಂದಿಲ್ಲವೆಂದರು. ಅಷ್ಟರಲ್ಲಿ ಊರಿನ ನಾಲ್ಕು ಸಂಸಾರಗಳು ಬಸ್ಸು ಹತ್ತಿಯಾಗಿತ್ತು. ಕಡೆಗೆ ಇವಳ ಮಗಳೇ ನಮೂನೆಯನ್ನು ತುಂಬಿ, ಹನ್ನೊಂದು ಮಂದಿಯ ಸಹಿ ಹೆಬ್ಬೆಟ್ಟುಗಳನ್ನು ಹಾಕಿಸಿ ಕೊಟ್ಟಳು. ಹೆಂಗಸರೆಲ್ಲ ಪಂಚಾಯತಿಯ ಮೆಟ್ಟಿಲ ಮೇಲೆ ಕುಳಿತು ರಸೀತಿ ಇಸಿದುಕೊಂಡೇ ಎದ್ದರು. ಕೆಲಸ ಹತ್ತನೆಯ ದಿನಕ್ಕೆ ಬಂತು. “ಚೀಟಿ ಇಲ್ದೆವೋದ್ರ ನೀವು ಕೇಳೇ ಇಲ್ಲ ಅಂದ್ಬುಡ್ತರ” ಎಂದು ಅವಳು ಸೆರಗಿನ ಗಂಟನ್ನು ಬಿಚ್ಚಿ ಆ ಕಾಗದವನ್ನು ತೋರಿಸಿದಳು. ನಾಲ್ಕು ಮಡಿಕೆಯಾದ ತುಂಡು ಕಾಗದ, ಮೇಲೆ ನೀಲಿಯ ಮೊಹರು, ತಾರೀಖು.

ಈ ತುಂಡು ಕಾಗದವನ್ನು ಕೊಡಲು ಏಕೆ ಹಿಂಜರಿಕೆಯೆಂಬುದು ನಮಗೂ ಮೊದಲು ಬಗೆಹರಿಯಲಿಲ್ಲ. 2005ರ ಶಾಸನದಲ್ಲಿ ಕೂಲಿಯ ಹಣವನ್ನೆಲ್ಲ ಕೇಂದ್ರ ಸರ್ಕಾರ ಕೊಡುತ್ತಿತ್ತು. ಆದರೆ ಕೆಲಸ ಕೊಡದೆ ಹೋದಾಗ ತೆರಬೇಕಾದ ಭತ್ಯವನ್ನು ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಕೊಡಬೇಕು. ತಾರೀಖು ಹಾಕಿದ ರಸೀತಿ ಕೈಗೆ ಬಂದ ಕ್ಷಣದಿಂದ ಹದಿನೈದು ದಿನಗಳ ಎಣಿಕೆ ತೊಡಗುತ್ತದೆ. ರಸೀತಿಯೇ ಇಲ್ಲವಾದರೆ ಎಣಿಕೆಯೂ ಇಲ್ಲ, ತಪ್ಪೂ ಇಲ್ಲ, ಭತ್ಯವೂ ಇಲ್ಲ. ಲೆಕ್ಕಪುಸ್ತಕದಲ್ಲಿ ಕೆಲಸ ಕೇಳಿದವರೆಲ್ಲರಿಗೂ ಕೆಲಸ ಕೊಟ್ಟಂತೆಯೇ ಕಾಣುತ್ತದೆ. ಬಾಯಿಮಾತಿನಲ್ಲಿ ಕೇಳಿ ನಿರಾಶರಾಗಿ ಬಸ್ಸು ಹತ್ತಿದ ಆ ನಾಲ್ಕು ಸಂಸಾರಗಳು ಯಾವ ಲೆಕ್ಕಕ್ಕೂ ಸೇರವು. ನಾವು ಕೇಳುತ್ತ ಬಂದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ದೊರೆಯಿತು.

ಮಿಕ್ಕರ್ಧ ಕೂಲಿಯ ತಡ. ಕೊಡಗಿನಲ್ಲಿ ವಾರಕ್ಕೊಮ್ಮೆ ನೋಟು ಕೈಗೆ ಬೀಳುತ್ತದೆ. ಇಲ್ಲಿ ಅಳತೆಯಾಗಬೇಕು, ಹಾಜರಿಪಟ್ಟಿ ಏರಬೇಕು, ಮೇಲಿನ ಸಹಿಗಳಾಗಬೇಕು, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆ ಸರಿಯಿರಬೇಕು. 2024ರ ಜನವರಿಯಿಂದ ಆ ಜೋಡಣೆಯ ಮೂಲಕವಲ್ಲದೆ ಕೂಲಿ ಬಾರದಾಯಿತು. ಹದಿನೈದು ದಿನಕ್ಕೆ ಮೀರಿ ತಡವಾದರೆ ಪರಿಹಾರವುಂಟು: ದಿನಕ್ಕೆ ನೂರಕ್ಕೆ 0.05 ರಂತೆ. ಆರು ದಿನದ ಕೂಲಿ 2,094 ರೂಪಾಯಿ ನಿಂತುಹೋಗಿದ್ದರೆ ದಿನವೊಂದಕ್ಕೆ ಪರಿಹಾರ ಒಂದು ರೂಪಾಯಿ ಐದು ಪೈಸೆ. ಅರ್ಧ ಲೋಟ ಚಹಕ್ಕೂ ಸಾಲದು. ದಿನದ ದುಡಿತದಿಂದ ದಿನದ ಒಲೆ ಹಚ್ಚುವವರಿಗೆ ತಿಂಗಳು ತಡವಾದ ಕೂಲಿ, ಎಷ್ಟೇ ನ್ಯಾಯವಾದದ್ದಾಗಲಿ, ಉಪಯೋಗಕ್ಕೆ ಬಾರದು.

ಹೊಲ ತೋಟಗಳುಳ್ಳ ನಮ್ಮ ವಾಚಕರು ಇಷ್ಟುಹೊತ್ತಿಗೆ ಅಸಮಾಧಾನಗೊಂಡಿರಬಹುದು. ಸರ್ಕಾರದವರು ಕೆರೆಯಲ್ಲಿ ಕೂಲಿ ಕೊಟ್ಟರೆ ನಮ್ಮ ಅರಿಸಿನ ಕೀಳುವವರಾರು, ಕಳೆ ತೆಗೆಯುವವರಾರು ಎಂಬ ಮಾತನ್ನು ನಾವು ತೆರಕಣಾಂಬಿಯ ಕಡೆ ಅನೇಕ ರೈತರಿಂದ ಕೇಳಿದೆವು. ಸಣ್ಣ ಹಿಡುವಳಿಯವನು ಈ ಮಾತನ್ನಾಡಿದಾಗ ಅದರಲ್ಲಿ ಸತ್ಯವಿದೆ. ಬೆಲೆ ಬಿದ್ದ ವರ್ಷ ಅವನೂ ಕೂಲಿಯವನೂ ಒಂದೇ ದೋಣಿಯಲ್ಲಿರುತ್ತಾರೆ. ಆದರೆ ಹೆಣ್ಣಾಳಿಗೆ ಕಡಮೆ ಕೂಲಿಯೇ ಧರ್ಮವೆಂದು ಹಿಡಿದವರ ದೂರನ್ನು ನಾವು ಅಷ್ಟು ಮನಸ್ಸಿಗೆ ತೆಗೆದುಕೊಳ್ಳಲಾರೆವು. ಇದಲ್ಲದೆ ಹೂಳೆತ್ತಿದ ಕೆರೆಯ ಫಲ ಮೊದಲು ಮುಟ್ಟುವುದು ಸುತ್ತಲಿನ ಬಾವಿಯವರಿಗೇ. ಕಬಿನಿಯ ನೀರನ್ನು ಯಂತ್ರದಿಂದೆತ್ತಿ ಈ ಸೀಮೆಯ ಕೆರೆಗಳಿಗೆ ತುಂಬಿಸುವ ಯೋಜನೆ ನಡೆದಿದೆ. ಹೂಳು ತುಂಬಿದ ಕೆರೆಗೆ ನೀರು ಹರಿಸಿದರೆ ಎಷ್ಟು ನಿಂತೀತು?

ಇನ್ನು ಪಟ್ಟಣಗಳ ವಿಚಾರ. ಹಳ್ಳಿಗೆ ಶಾಸನ ಬಂದ 2005ರಲ್ಲಿಯೇ, ಡಿಸೆಂಬರ್ 3ರಂದು, ಜವಾಹರಲಾಲ್ ನೆಹರೂ ರಾಷ್ಟ್ರೀಯ ನಗರ ನವೀಕರಣ ಅಭಿಯಾನ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಪೂರ್ಣ ಲಾಭಕ್ಕೆ ಆರಿಸಲ್ಪಟ್ಟವು ಬೆಂಗಳೂರು, ಮೈಸೂರು ಎರಡೇ. ಚಿಕ್ಕ ಪಟ್ಟಣಗಳಿಗೆ ನೀರು ಚರಂಡಿಗಳಿಗೊಂದು, ಕೊಳೆಗೇರಿಯ ಮನೆಗಳಿಗೊಂದು ಕಿರಿಯ ಯೋಜನೆಗಳಿದ್ದುವು. ರಸ್ತೆ, ದೀಪ, ಚರಂಡಿಗಳು ಬೇಡವೆನ್ನುವವರಾರು? ಆದರೆ ಆ ಕೆಲಸವೆಲ್ಲ ಟೆಂಡರಿನಲ್ಲಿ ನಡೆಯುತ್ತದೆ. ಮಣ್ಣನ್ನು ಯಂತ್ರ ಅಗೆಯುತ್ತದೆ. ಹಾದಿ ಅಗಲವಾದಾಗ ಮೊದಲು ಏಳಬೇಕಾದವಳು ಬದಿಯಲ್ಲಿ ಹೂವು ಸೊಪ್ಪು ಮಾರುವವಳು. 2014ರ ಬೀದಿ ವ್ಯಾಪಾರಿಗಳ ಶಾಸನ ಅವಳಿಗೆ ರಕ್ಷಣೆ ಹೇಳಿದೆ. 2020ರಿಂದ ಮೊದಲ ಕಂತಾಗಿ 10,000 ರೂಪಾಯಿಯ ಸಾಲವೂ ಸಿಕ್ಕತೊಡಗಿತು. ಕೂಲಿ ಕೆಲಸದ ಮಾತೇನು? 1997ರ ಸ್ವರ್ಣಜಯಂತಿ ಶಹರಿ ರೋಜಗಾರ ಯೋಜನೆಯಲ್ಲಿ ಐದು ಲಕ್ಷಕ್ಕಿಂತ ಕಡಮೆ ಜನರಿರುವ ಪಟ್ಟಣಗಳಿಗೆ ಕೂಲಿ ಕೆಲಸದ ಒಂದು ಭಾಗವಾದರೂ ಇತ್ತು. 2013ರಲ್ಲಿ ಅದರ ಸ್ಥಾನಕ್ಕೆ ಬಂದ ನಗರ ಜೀವನೋಪಾಯ ಅಭಿಯಾನವು ಸ್ವಸಹಾಯ ಸಂಘ, ತರಬೇತಿ, ಸಾಲಗಳನ್ನು ಹಿಡಿದು, ಆ ಭಾಗವನ್ನು ಬಿಟ್ಟುಬಿಟ್ಟಿತು.

ಆದಕಾರಣ ಚಾಮರಾಜನಗರದ ಪಟ್ಟಣದೊಳಗಿನ ಗಾರೆಯಾಳು ಮುಂಜಾನೆಯ ಗಾಡಿಯನ್ನೋ ಬಸ್ಸನ್ನೋ ಹಿಡಿದು ಮೈಸೂರಿಗೆ ಹೋಗಿ, ಕರೆದವರ ಹಿಂದೆ ಹೋಗುತ್ತಾನೆ, ಕರೆಯದಿದ್ದರೆ ಮರಳುತ್ತಾನೆ. ಅವನಿಗಿಂತ ಎರಡು ಮೈಲಿ ಆಚೆಯ ಹಳ್ಳಿಯವನಿಗೆ ಕೇಳುವ ಹಕ್ಕಿದೆ, ಅವನಿಗಿಲ್ಲ. ಗ್ರಾಮ ಪಂಚಾಯತಿಯು ಪಟ್ಟಣ ಪಂಚಾಯತಿಯಾಗಿ ಬಡ್ತಿ ಪಡೆದಾಗ ಊರವರು ಸಂಭ್ರಮಿಸುತ್ತಾರೆ. ಆ ಹೊತ್ತಿನಿಂದ ಅವರ ಉದ್ಯೋಗ ಚೀಟಿಗಳು ಪೆಟ್ಟಿಗೆ ಸೇರುತ್ತವೆಂಬುದು ಆಮೇಲೆ ತಿಳಿಯುತ್ತದೆ. ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಕ್ಕುವ ಸುಲ್ತಾನ್ ಬತ್ತೇರಿ ಪಟ್ಟಣದ ಬಡವನ ಸ್ಥಿತಿ ಬೇರೆ. ಕೇರಳದವರು 2010ರಲ್ಲಿಯೇ ಅಯ್ಯನ್‌ಕಾಳಿಯವರ ಹೆಸರಿನಲ್ಲಿ ಪಟ್ಟಣವಾಸಿಗಳಿಗೂ ನೂರು ದಿನದ ಉದ್ಯೋಗ ಖಾತರಿಯನ್ನು ಕೈಗೊಂಡರು. ನೆರೆಯವರು ಮಾಡಿದ್ದನ್ನು ನಮ್ಮವರು ಏಕೆ ಪರೀಕ್ಷಿಸಿ ನೋಡಬಾರದು?

ನಾವು ಈ ಸೀಮೆಯಿಂದ ಮರಳಿದ ಮೇಲೆ, 2025ರ ಡಿಸೆಂಬರಿನಲ್ಲಿ, ಪಾರ್ಲಿಮೆಂಟು ಹಳೆಯ ಶಾಸನಕ್ಕೆ ಬದಲಾಗಿ ‘ವಿಕಸಿತ ಭಾರತ’ ಎಂದು ಮೊದಲಾಗುವ ಉದ್ದನೆಯ ಹೆಸರಿನ ಹೊಸ ಶಾಸನವನ್ನು ಅಂಗೀಕರಿಸಿತು. ದಿನಗಳು 100ರಿಂದ 125ಕ್ಕೇರಿದುವು. 370ರ ಲೆಕ್ಕದಲ್ಲಿ ಅದು 46,250 ರೂಪಾಯಿ. ಬಿತ್ತನೆ ಕೊಯ್ಲುಗಳ ಕಾಲದಲ್ಲಿ ವರ್ಷಕ್ಕೆ 60 ದಿನಗಳವರೆಗೆ ಕೆಲಸವನ್ನು ನಿಲ್ಲಿಸಲು ರಾಜ್ಯಗಳಿಗೆ ಅವಕಾಶವಿತ್ತಿದ್ದಾರೆ. ತೆರಕಣಾಂಬಿಯ ರೈತರ ದೂರಿಗೆ ಇದು ಉತ್ತರ. ಕರ್ನಾಟಕದಂಥ ರಾಜ್ಯಗಳು ಇನ್ನು ಮುಂದೆ ನೂರಕ್ಕೆ ನಲವತ್ತರಷ್ಟು ಹೊರಬೇಕು. ಕೇಂದ್ರವು ಗೊತ್ತುಮಾಡಿದ ಮೊತ್ತಕ್ಕೆ ಮೀರಿದ್ದು ಪೂರಾ ರಾಜ್ಯದ ತಲೆಗೆ. ಹದಿನೈದು ದಿನದ ಮಾತೂ ನಿರುದ್ಯೋಗ ಭತ್ಯದ ಮಾತೂ ಉಳಿದಿವೆ. ಕೆಲಸ ಕೊಟ್ಟರೂ ಖರ್ಚು, ಕೊಡದಿದ್ದರೂ ಖರ್ಚು ಎಂದಾದಾಗ, ತಾರೀಖಿನ ರಸೀತಿಯನ್ನು ಕೊಡುವ ಕೈ ಇನ್ನಷ್ಟು ಹಿಂದೆಗೆಯುವುದೇನೋ ಎಂದು ನಮಗೆ ಸಂಶಯವಾಗುತ್ತದೆ. ಇದು ಸುಳ್ಳಾದರೆ ನಮಗಿಂತ ಸಂತೋಷಪಡುವವರಿಲ್ಲ. ಆ ಅರುವತ್ತು ದಿನಗಳನ್ನು ಯಾವ ತಿಂಗಳಿನಿಂದ ಕತ್ತರಿಸುತ್ತಾರೆಂಬುದೂ ಮುಖ್ಯ. ಮಂಡ್ಯದ ನಾಲೆಬಯಲಿಗೆ ಒಪ್ಪುವ ತಿಂಗಳು ಗುಂಡ್ಲುಪೇಟೆಯ ಬೆದ್ದಲಿಗೆ ಒಪ್ಪದು. ಬೇರೆ ಬೇರೆ ಪ್ರದೇಶಗಳಿಗೆ ಬೇರೆ ಬೇರೆ ಕಾಲವನ್ನು ಗೊತ್ತುಮಾಡಲು ಶಾಸನದಲ್ಲಿ ಎಡೆಯುಂಟು. ಗ್ರಾಮ ಸಭೆಗಳಲ್ಲಿ ಕುಳಿತು ಆ ಮಾತನ್ನೆತ್ತಲು ಓದುಬರಹ ಬಲ್ಲ ಗೃಹಸ್ಥರು ಮನಸ್ಸು ಮಾಡಬೇಕು.

ಆ ಮಾರ್ಚಿಯ ದಿನಕ್ಕೆ ಮತ್ತೊಮ್ಮೆ ಹೋಗುತ್ತೇವೆ. ನಾವು ಕೆರೆಯಂಗಳದಿಂದ ಹೊರಡುವ ಹೊತ್ತಿಗೆ ಮಧ್ಯಾಹ್ನ ಮೀರಿತ್ತು. ಕೆಲಸ ಮುಗಿದು ಹೆಂಗಸರು ಹುಣಿಸೆಯ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು. ಪರೀಕ್ಷೆ ಮುಗಿಸಿದ ಹುಡುಗಿ ಬಸ್ಸಿಳಿದು ನೇರವಾಗಿ ಅಲ್ಲಿಗೇ ಬಂದಳು. ಪ್ರಶ್ನೆಗಳು ಹೇಗಿದ್ದುವೆಂದು ತಾಯಿ ಕೇಳುವಷ್ಟರಲ್ಲಿ ಪಕ್ಕದ ಬೀದಿಯ ಇಬ್ಬರು ಹೆಂಗಸರು ಬಿಳಿಯ ಹಾಳೆಯೊಂದನ್ನು ಅವಳ ಕೈಗಿತ್ತು, ತಮಗೂ ಕೆಲಸ ಬೇಕೆಂದು ಬರೆದುಕೊಡುವಂತೆ ಹೇಳಿದರು. ಹುಡುಗಿ ಪರೀಕ್ಷೆಯ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು, ಹೆಸರು, ಚೀಟಿಯ ಸಂಖ್ಯೆ, ಬೇಕಾದ ದಿನಗಳು ಎಲ್ಲವನ್ನೂ ಬರೆದಳು. ಆಮೇಲೆ ತಲೆಯೆತ್ತಿ, ಇವತ್ತಿನ ತಾರೀಖು ಬರೆಯಲೋ, ಪಂಚಾಯತಿಗೆ ಕೊಡುವ ದಿನದ ತಾರೀಖು ಬರೆಯಲೋ ಎಂದು ನಮ್ಮನ್ನು ಕೇಳಿದಳು. ಕೊಡುವ ದಿನದ್ದೆಂದು ನಾವು ಹೇಳುವ ಮೊದಲೇ ಅವಳ ತಾಯಿ, ಆ ಜಾಗವನ್ನು ಬಿಟ್ಟಿರು, ಅಲ್ಲೇ ಅವರ ಎದುರಿಗೇ ಬರೆಯೋಣ ಎಂದಳು.